ದಾಳವಿಲ್ಲದ ಯುದ್ಧ

ಪಂಢರಿನಾಥನ ಬಲಗೈ ಅದುರಲು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ, ವೆಸ್ಟ್ ಮಾಂಬಲಂನ ಮನೆಯ ಕನ್ನಡಿಯ ಮುಂದೆ ಹಣೆಯ ಅಂಗಾರದ ಗೆರೆ ಎಷ್ಟು ಎಳೆದರೂ ನೆಟ್ಟಗೆ ಬಾರದಿದ್ದಾಗ ಅವನಿಗೆ ಮೊದಲು ಅನುಮಾನ ಬಂತು. ಒರೆಸಿ ಮತ್ತೆ ಎಳೆದ. ಮತ್ತೆ ಸೊಟ್ಟಗಾಯಿತು. ಅಂದಿನಿಂದ ಆ ಕೈ ಜೇಬು ಸೇರಿತು. ಹೆಂಡತಿ ಜಯಲಕ್ಷ್ಮಿಗೆ ಹೇಳಲಿಲ್ಲ, ಡಾಕ್ಟರ ಹತ್ತಿರವೂ ಹೋಗಲಿಲ್ಲ. ಅವನ ಸೋದರಮಾವನಿಗೂ ಐವತ್ತು ದಾಟಿದ ಮೇಲೆ ಹೀಗೇ ಶುರುವಾಗಿತ್ತು. ಮಾವ ಮೊದಲು ಪಂಕ್ತಿಯಲ್ಲಿ ಕೂರುವುದು ಬಿಟ್ಟರು, ಆಮೇಲೆ ಮದುವೆ ಮುಂಜಿಗಳಿಗೆ ಹೋಗುವುದು ಬಿಟ್ಟರು, ಕೊನೆಗೆ ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಯಾರೂ ಅವರನ್ನು ಬೇಡ ಅಂದಿರಲಿಲ್ಲ. ಕರೆಯುವುದು ತಾನಾಗಿ ನಿಂತುಹೋಗಿತ್ತು.

ಅಂಬತ್ತೂರಿನ ಕಾರ್ಖಾನೆಯಲ್ಲಿ ಹೇಗೋ ನಡೆಯುತ್ತಿತ್ತು. ಅವನು ಅಲ್ಲಿ ತಪಾಸಣೆಯ ವಿಭಾಗದವನು. ಈಗ ಅಳೆಯುವುದೆಲ್ಲ ಯಂತ್ರ. ಅವನು ಪರದೆ ನೋಡಿ ಸರಿ ತಪ್ಪು ಹೇಳಿದರಾಯಿತು. ಆದರೆ ಭಾನುವಾರ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಭಾನುವಾರ ಬೆಳಿಗ್ಗೆ ಜಯಪ್ರಕಾಶನ ಹೋಟೆಲಿನ ಮಹಡಿಯ ಮೇಲೆ ಯುದ್ಧ. ಕುಂದಾಪುರದ ಜಯಪ್ರಕಾಶ, ಬ್ಯಾಂಕಿನ ಗುರುಚರಣ, ಪಂಢರಿನಾಥ ಈ ಮೂವರೂ ಇಪ್ಪತ್ತು ವರ್ಷಗಳಿಂದ ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಸೀಸದ ಸಿಪಾಯಿಗಳನ್ನು ಹಸಿರು ಬಟ್ಟೆಯ ಮೇಲೆ ನಿಲ್ಲಿಸಿ ಹಳೆಯ ಕದನಗಳನ್ನು ಹೊಸದಾಗಿ ಆಡುತ್ತಿದ್ದರು. ಸಿಪಾಯಿಗಳ ಮೀಸೆ, ಪೇಟ, ಕುದುರೆಯ ಲಗಾಮು ಎಲ್ಲಕ್ಕೂ ಬಣ್ಣ ಬಳಿದದ್ದು ಪಂಢರಿನಾಥನೇ. ಆಟವೆಲ್ಲ ಕೈಯ ಮೇಲೆ ನಿಂತಿತ್ತು. ಟೇಪು ಹಿಡಿದು ಅಂಗುಲ ಅಳೆದು ಒಬ್ಬೊಬ್ಬ ಸಿಪಾಯಿಯನ್ನೂ ಸರಿಸಬೇಕು, ಗುಂಡು ತಗುಲಿತೋ ಇಲ್ಲವೋ ತಿಳಿಯಲು ದಾಳ ಉರುಳಿಸಬೇಕು. ಕಳೆದ ತಿಂಗಳು ಅವನ ಬೆರಳು ತಾಕಿ ಒಂದು ಸಾಲಿಗೆ ಸಾಲೇ ಮಗುಚಿತು. ಎಲೆಕ್ಟ್ರಿಕ್ ಟ್ರೈನ್ ಹೋಯಿತು, ಮೇಜು ಅಲುಗಿತು ಎಂದು ಅವನು ನಕ್ಕುಬಿಟ್ಟ. ಉಳಿದಿಬ್ಬರೂ ನಕ್ಕರು. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ.

ದಾರಿ ತೋರಿಸಿದ್ದು ಮಗಳು ಅಕ್ಷಯಾ ಗೆಳತಿಯರಿಂದ ತಂದ ಒಂದು ಬೋರ್ಡ್ ಆಟ. ಅದರಲ್ಲಿ ದಾಳವೇ ಇರಲಿಲ್ಲ, ಎಲ್ಲ ಕಾರ್ಡಿನಿಂದ. ಪಂಢರಿನಾಥ ಆ ಉಪಾಯವನ್ನು ತನ್ನ ಯುದ್ಧಕ್ಕೆ ಇಳಿಸಲು ಕೂತ. ಬಟ್ಟೆಯ ಮೇಲೆ ಚೌಕ ಬರೆದ. ಇನ್ನು ಟೇಪು ಬೇಡ. ಹತ್ತು ಹತ್ತು ಸಿಪಾಯಿಗಳನ್ನು ಒಂದೊಂದು ಹಲಗೆಗೆ ಅಂಟಿಸಿದ. ಎಡಗೈಯಲ್ಲಿ ತಳ್ಳಿದರೆ ಸಾಕು. ಪ್ರತಿಯೊಂದು ತುಕಡಿಗೂ ಇಸ್ಪೀಟಿನಂಥ ಒಂದು ಎಲೆ. ಎರಡೂ ಸೇನೆಯ ಎಲೆಗಳು ಒಂದೇ ಕಟ್ಟಿನಲ್ಲಿ. ಯಾರ ಎಲೆ ಬಂತೋ ಆ ತುಕಡಿ ಹೆಜ್ಜೆಯಿಡಬೇಕು. ಗುಂಡು ತಗುಲಿತೋ ಇಲ್ಲವೋ ಹೇಳುವುದು ಮುಂದಿನ ಎಲೆಯ ಮೂಲೆಯ ಅಂಕಿ. ಜೊತೆಗೆ ಕಟ್ಟಿನೊಳಗೆ ಎಲ್ಲೋ 'ಕಾಫಿ' ಎಂದು ಬರೆದ ಒಂದು ಎಲೆ. ಅದು ಬಂದರೆ ಆ ಸುತ್ತು ಅಲ್ಲಿಗೇ ಮುಗಿಯಿತು. ಇನ್ನೂ ಕದಲದವರು ನಿಂತಲ್ಲೇ ನಿಲ್ಲಬೇಕು.

ಮನೆಯಲ್ಲಿ ಅಕ್ಷಯಾಳ ಜೊತೆ ನಾಲ್ಕು ಸಲ ಆಡಿ ನೋಡಿದ. ಅವಳ ಕುದುರೆಗಳು ಬೆಟ್ಟದ ಹಿಂದೆ ಎರಡು ಸುತ್ತು ಕಾದವು, ಎರಡು ಸಲವೂ ಕಾಫಿ ಬಂತು. "ಎನ್ ಟರ್ನ್ ವರವೇ ಇಲ್ಲೆಪ್ಪಾ" ಎಂದು ಅವಳು ತಮಿಳಿನಲ್ಲೇ ಮುಖ ಊದಿಸಿದಳು. ಸರದಿ ಬರುವುದೋ ಇಲ್ಲವೋ ತಿಳಿಯದೆ ನಿಂತಿರುವುದೆಂದರೇನೆಂದು ಅವನಿಗೆ ಗೊತ್ತಿತ್ತು.

ಆ ಭಾನುವಾರ ಪೊಲ್ಲಿಲೂರಿನ ಕದನ. ಮೈಸೂರಿನ ಕಡೆ ಪಂಢರಿನಾಥ, ಕಂಪನಿಯ ಕಡೆ ಗುರುಚರಣ. ಗುರುಚರಣ ನಿಯಮದ ಹಾಳೆಗಳನ್ನು ಸಾಲದ ಅರ್ಜಿಯಂತೆ ಎರಡೆರಡು ಸಲ ಓದಿದ.

"ಇಪ್ಪತ್ತು ವರ್ಷ ಟೇಪ್ ಹಿಡ್ಕೊಂಡು ಆಡಿದ್ದೀವಿ. ಈಗೇನೋ ಬಂತು ನಿಂಗೆ, ರಮ್ಮಿ ಆಡೋ ಆಸೆನಾ?"

ನಿಜವಾದ ಯುದ್ಧದಲ್ಲಿ ಸರದಿ ಪ್ರಕಾರ ಯಾರೂ ಗುಂಡು ಹೊಡೆಯುವುದಿಲ್ಲ ಎಂದು ಪಂಢರಿನಾಥ ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದ.

"ಕಾಫಿ ಎಲೆ ಬಂದ್ರೆ ನಾನು ಕೆಳಗಿಂದ ಕಾಫಿ ತರುದಾ ಮಾರಾಯ್ರೆ?" ಎಂದು ಜಯಪ್ರಕಾಶ ಕೇಳಿದ. ನಗು ಎದ್ದಿತು. ಪಂಢರಿನಾಥನ ಹೆಗಲು ಸ್ವಲ್ಪ ಸಡಿಲವಾಯಿತು.

ಆಗ ಗುರುಚರಣ ಎಲೆಗಳ ಕಟ್ಟನ್ನು ಅವನ ಮುಂದೆ ತಳ್ಳಿದ. "ಸರಿ. ಕಲಸು."

ಹೊಸ ನಿಯಮ ತಂದವನು ಮೊದಲ ಆಟವನ್ನು ಎಲ್ಲರೆದುರು ತಾನೇ ಶುರುಮಾಡಿಕೊಡಬೇಕು. ಅದು ಆ ಮಹಡಿಯ ಹಳೆಯ ಕಟ್ಟಳೆ. ಕಟ್ಟಳೆ ಪಂಢರಿನಾಥನಿಗೆ ನೆನಪಿತ್ತು. ಆದರೆ ಮನೆಯಲ್ಲಿ ನಾಲ್ಕು ಸಲವೂ ಎಲೆ ಕಲಸಿದ್ದು ಅಕ್ಷಯಾ. ಟೇಪು ತೆಗೆದ, ದಾಳ ತೆಗೆದ, ಇನ್ನು ಕೈಗೆ ಕೆಲಸವೇ ಇಲ್ಲ ಎಂದುಕೊಂಡಿದ್ದ. ಕಲಸುವುದು ಕೈಯ ಕೆಲಸವೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಮನೆಯಲ್ಲೇ ಕಲಸಿಕೊಂಡು ಬಂದಿದ್ದೇನೆ ಎಂದ.

"ಮನೇಲಿ ಕಲಸ್ಕೊಂಡು ಬಂದ ಎಲೇನ ಯಾವನೋ ನಂಬ್ತಾನೆ? ಕಲಸೋ."

ಕೆಳಗೆ ಓಡಿಹೋಗೋಣವೆನ್ನಿಸಿತು. ಹೊಟ್ಟೆನೋವು ಎನ್ನಬಹುದು, ಫೋನ್ ಬಂತು ಎನ್ನಬಹುದು. ಈ ವಾರ ತಪ್ಪಿಸಿಕೊಂಡರೂ ಮುಂದಿನ ವಾರ ಇದೇ ಮೇಜು, ಇದೇ ಇಬ್ಬರು. ಅವನು ಬಲಗೈಯನ್ನು ಹೊರತೆಗೆದು ಎಲೆಗಳನ್ನು ಎರಡು ಪಾಲು ಮಾಡಿದ. ಅವು ಸೇರುವ ಮೊದಲೇ ಬೆರಳು ಕುಣಿಯಿತು. ಎಲೆಗಳು ಚೆಲ್ಲಿ ಬೆಟ್ಟದ ಮೇಲೆ, ಕುದುರೆಗಳ ಮೇಲೆ, ನೆಲದ ಮೇಲೆ ಬಿದ್ದವು. ಕೈ ಮಾತ್ರ ಖಾಲಿ ಬಟ್ಟೆಯನ್ನು ಟಪ ಟಪ ಬಡಿಯುತ್ತಲೇ ಇತ್ತು. ಎಡಗೈಯಿಂದ ಅದನ್ನು ಒತ್ತಿ ಹಿಡಿದ. ಎಡಗೈಯೂ ಸೇರಿ ಅದುರಿತು.

"ಎಷ್ಟು ದಿನದಿಂದನೋ?" ಎಂದು ಗುರುಚರಣ ಮೆಲ್ಲಗೆ ಕೇಳಿದ.

"ನಾಕು ತಿಂಗಳು."

ಡಾಕ್ಟರಿಗೆ ತೋರಿಸಿದೆಯಾ, ಜಯಲಕ್ಷ್ಮಿಗೆ ಗೊತ್ತೇ ಎಂದು ಕೇಳಿದ. ಎರಡಕ್ಕೂ ಪಂಢರಿನಾಥ ತಲೆಯಾಡಿಸಿದ, ಇಲ್ಲ.

"ಯಾಕೋ?"

"ಹೆದರಿಕೆ ಕಣೋ. ಕಾಯಿಲೆಗಿಂತ ಇದೇ ಜಾಸ್ತಿ. ನಾನಿಲ್ದೆ ನೀವಿಬ್ರೇ ಆಡ್ತೀರಿ ಅಂತ."

ಜಯಪ್ರಕಾಶ ಬಗ್ಗಿ ನೆಲದ ಮೇಲಿನ ಎಲೆಗಳನ್ನು ಆರಿಸತೊಡಗಿದ. ಅವನು ಏಳಲು ತುಂಬ ಹೊತ್ತು ತೆಗೆದುಕೊಂಡ. ಗುರುಚರಣ ಎಲೆಗಳನ್ನೆಲ್ಲ ಬೋರಲಾಗಿ ಹರಡಿ, ಎರಡೂ ಅಂಗೈಯಿಂದ ಒಣಹಾಕಿದ ಅಕ್ಕಿಯಲ್ಲಿ ಕೈಯಾಡಿಸಿದ ಹಾಗೆ ಅಡ್ಡಾದಿಡ್ಡಿ ತಿರುಗಿಸಿ, ಒಟ್ಟುಮಾಡಿ, ಪಂಢರಿನಾಥನ ಎಡಗೈಯ ಹತ್ತಿರ ಇಟ್ಟ. ಆಮೇಲೆ ಪೆನ್ಸಿಲ್ ಹಿಡಿದು ನಿಯಮದ ಹಾಳೆ ಎಳೆದುಕೊಂಡ.

"ಒಂದು ಸುತ್ತಿಗೆ ಒಂದು ಕಾಫಿ ಎಲೆ ಸಾಲದು. ಎರಡು ಹಾಕು. ಒಂದಿದ್ರೆ ನಿನ್ನ ಕುದುರೆಗಳು ಪ್ರತಿ ಸುತ್ತಿಗೂ ಬರ್ತಾವೆ."

ಎರಡಾದರೆ ಯಾರೂ ಕದಲುವುದಿಲ್ಲ, ಅದು ಯುದ್ಧವಲ್ಲ, ಬ್ಯಾಂಕ್ ಎಂದ ಪಂಢರಿನಾಥ. ಗುರುಚರಣ ಬಿಡಲಿಲ್ಲ. ಇಪ್ಪತ್ತು ವರ್ಷ ಜಗಳವಾಡಿದ ಹಾಗೆಯೇ, ಒಂದಿಷ್ಟೂ ರಿಯಾಯಿತಿ ತೋರಿಸದೆ ಕಾಲು ಗಂಟೆ ಜಗಳವಾಡಿದ. ಪಂಢರಿನಾಥನೂ ಸೋಲಲಿಲ್ಲ. ಕಾಫಿ ಎಲೆ ಒಂದೇ ಉಳಿಯಿತು.

"ನಾಳೆ ರಜ ಹಾಕು," ಎಂದ ಗುರುಚರಣ, ಹಾಳೆಯಿಂದ ತಲೆಯೆತ್ತದೆ. "ಕೀಲ್ಪಾಕ್ ಆಸ್ಪತ್ರೆಗೆ ಹೋಗೋಣ. ಇವತ್ತು ಮಧ್ಯಾಹ್ನ ಜಯಲಕ್ಷ್ಮಿಗೆ ನೀನೇ ಹೇಳು. ನಾನು ಹೇಳಲ್ಲ."

ಪಂಢರಿನಾಥನ ಭಯ ಹೋಗಲಿಲ್ಲ. ನಾಳೆಯನ್ನು ಅವನು ನೆನೆಯಲೇ ಇಲ್ಲ. ಬಲಗೈ ಮೇಜಿನ ಮೇಲೆ, ಇಬ್ಬರೂ ನೋಡುವಂತೆ, ತನ್ನ ಪಾಡಿಗೆ ಅದುರುತ್ತಿತ್ತು.

"ಎಳಿಯೋ, ಎಷ್ಟೊತ್ತು?" ಎಂದು ಗುರುಚರಣ ಗದರಿಸಿದ.

ಪಂಢರಿನಾಥ ಎಡಗೈಯಿಂದ ಮೊದಲ ಎಲೆ ಎಳೆದ.