ಬಾನೆಟ್ ಮೇಲಿಟ್ಟ ಡಬ್ಬಿ

ಗಿರಿಜಾ, ಸುಳ್ಳು ಹೇಳಿದವಳು ನಾನು. ಹನ್ನೊಂದು ವರ್ಷದ ಹಿಂದೆ, ಉಡುಪಿಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ, ನಮ್ಮಿಬ್ಬರ ಸಂಶೋಧನೆಗೆ ಗೈಡ್ ಆಗಿದ್ದ ಸರ್ ಎದುರು, ನಿನ್ನ ಎದುರು, ಕಣ್ಣು ಮಿಟುಕಿಸದೆ ಹೇಳಿದೆ. ಆ ಸುಳ್ಳನ್ನು ನಂಬಿ ಅವರು ನಿನ್ನನ್ನು ಸುಳ್ಳುಗಾತಿ ಎಂದು ಕರೆದರು. ನೀನು ಹೊರಗೆ ಹೋದೆ. ಖಾಲಿ ಇದ್ದ ಒಂದೇ ಒಂದು ಅಧ್ಯಾಪಕಿ ಹುದ್ದೆ ನನಗೆ ಸಿಕ್ಕಿತು. ಇವತ್ತು ಅದೇ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಈಗ ಯಾಕೆ ಎಂದು ಕೇಳುವವರು ಕೇಳಲಿ. ಆಗಲೇ ಇಬ್ಬರು ಕೇಳಿ ಆಗಿದೆ, ಅವರ ಸುದ್ದಿಗೆ ಆಮೇಲೆ ಬರುತ್ತೇನೆ. ನಾನು ಕ್ಷಮೆ ಬೇಡಲು ಕೂತಿಲ್ಲ. ನೀನು ದೊಡ್ಡ ಮನಸ್ಸು ಮಾಡಿ "ಹೋಗ್ಲಿ ಬಿಡಿ ಅಕ್ಕ" ಎಂದುಬಿಟ್ಟರೆ ನನಗೆ ಸಿಟ್ಟೇ ಬರುತ್ತದೆ — ದಯವಿಟ್ಟು ಹಾಗೆ ಹೇಳಬೇಡ. ಇದನ್ನು ನಿನ್ನೊಬ್ಬಳಿಗೇ ಬರೆದು ಅಂಚೆಗೆ ಹಾಕಬಹುದಿತ್ತು. ಆದರೆ ನಿನ್ನ ಮಾನ ಹೋದದ್ದು ನಾಲ್ಕು ಜನರ ಎದುರು. ನಾಲ್ಕು ಜನ ಓದುವಲ್ಲೇ ಬರೆಯಬೇಕು. ಅವರಿಗೋಸ್ಕರ, ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸಹಿಸಿಕೋ.

ನಿಂತ ನೀರಿನ ಕೆಸರಿನಲ್ಲಿ ಒಂದು ಕೆಂಪು ಹುಳ ಇರುತ್ತದೆ. ಸೊಳ್ಳೆಯ ಹಾಗೆಯೇ ಕಾಣುವ, ಆದರೆ ಕಚ್ಚದ ಒಂದು ಕೀಟದ ಮರಿ ಅದು. ಅದರ ಜೊಲ್ಲಿನ ಗ್ರಂಥಿಯಲ್ಲಿ ಕೋಶಗಳು ಒಡೆದು ಎರಡಾಗುವುದಿಲ್ಲ. ಒಳಗಿನ ಡಿಎನ್‌ಎ ಎಳೆ ಮಾತ್ರ ಮತ್ತೆ ಮತ್ತೆ ನಕಲಾಗುತ್ತ ಹೋಗುತ್ತದೆ. ಸಾವಿರಾರು ಎಳೆಗಳು ನೂಲಿನ ಲಡಿಯ ಹಾಗೆ ಒತ್ತಿಕೊಂಡು, ಕ್ರೋಮೋಸೋಮು ದೈತ್ಯ ಗಾತ್ರಕ್ಕೆ ಬೆಳೆಯುತ್ತದೆ. ಕಾಲೇಜಿನ ಹಳೇ ಮೈಕ್ರೋಸ್ಕೋಪಿನಲ್ಲೂ ಅದರ ಅಡ್ಡಪಟ್ಟೆಗಳನ್ನು ಎಣಿಸಬಹುದು. ಯಾವ ಜಾಗದ ಜೀನು ಕೆಲಸಕ್ಕೆ ಇಳಿಯುತ್ತದೋ ಅಲ್ಲಿ ಎಳೆಗಳು ಸಡಿಲಾಗಿ ಉಬ್ಬುತ್ತವೆ. ಕೆಲಸ ಮುಗಿದರೆ ಉಬ್ಬು ಇಳಿಯುತ್ತದೆ. "ಕೆಲಸ ಇಲ್ಲದ ಜೀನು ನಮ್ಮ ಆಫೀಸಿನ ಗುಮಾಸ್ತರ ಹಾಗೆ, ಮುದುಡಿಕೊಂಡು ಕೂತಿರ್ತದೆ" ಎಂದು ನೀನು ಜೂನಿಯರ್‌ಗಳಿಗೆ ಹೇಳುತ್ತಿದ್ದೆ. ನಾನು ಇವತ್ತಿಗೂ ಕ್ಲಾಸಿನಲ್ಲಿ ಅದೇ ಮಾತು ಹೇಳಿ ನಗಿಸುತ್ತೇನೆ. ನಿನ್ನ ಮಾತು ಎಂದು ಒಮ್ಮೆಯೂ ಹೇಳಿಲ್ಲ. ಅದನ್ನೂ ಸೇರಿಸಿಕೋ.

ಸರ್ ಆಗ ಎರಡು ಬಗೆಯ ಚಿತ್ರ ಮಾಡಿಸುತ್ತಿದ್ದರು. ಹುಳವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕ್ರೋಮೋಸೋಮಿನಲ್ಲಿ ಎಲ್ಲೆಲ್ಲಿ ಉಬ್ಬು ಏಳುತ್ತದೆ ಎಂಬುದು ಒಂದು. ತಂಪಿನಲ್ಲೇ ಇಟ್ಟ ಹುಳದಲ್ಲಿ ಹೇಗಿರುತ್ತದೆ ಎಂಬುದು ಇನ್ನೊಂದು. ಹುಳ ತರುವುದು ನನ್ನ ಪಾಲು. ಕಾರ್ಕಳದ ಹತ್ತಿರದ ಕಲ್ಲುಕೋರೆಯ ಹೊಂಡದಿಂದ. ಸ್ಲೈಡ್ ಮಾಡಿ ಚಿತ್ರ ಬಿಡಿಸುವುದು ನಿನ್ನ ಪಾಲು. ಗಾಜಿನ ಕೆಳಗಿಟ್ಟ ಗ್ರಂಥಿಯನ್ನು ಹೆಬ್ಬೆರಳಿನಿಂದ ಒತ್ತಬೇಕು — ಜಾಸ್ತಿಯಾದರೆ ಚೂರು, ಕಡಿಮೆಯಾದರೆ ಮುದ್ದೆ. ಉಚ್ಚಿಲದ ಮನೆಯಲ್ಲಿ ಅಮ್ಮನ ಜೊತೆ ಮೀನು ಶುಚಿ ಮಾಡಿ ಪಳಗಿದ ನಿನ್ನ ಹೆಬ್ಬೆರಳಿಗೆ ಅದು ಒಂದೇ ಸಲಕ್ಕೆ ಬರುತ್ತಿತ್ತು. ನನಗೆ ಹತ್ತು ಸಲಕ್ಕೂ ಬರುತ್ತಿರಲಿಲ್ಲ. ಹೊಟ್ಟೆಕಿಚ್ಚು ಇತ್ತು. ಇಲ್ಲ ಎನ್ನುವುದಿಲ್ಲ.

ಆ ದಿನ ಮಾರ್ಚ್ ತಿಂಗಳ ಉರಿಬಿಸಿಲು. ಹುಳದ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೇ ಬರಬೇಕು ಎಂಬುದು ಲ್ಯಾಬಿನ ಕಟ್ಟಪ್ಪಣೆ. ಕಾರ್ಕಳದ ಬಸ್ಸಿನಲ್ಲಿ ಹಾಗೇ ಕೂತಿದ್ದೆ. ಬೈಲೂರಿನಲ್ಲಿ ನನ್ನ ದೊಡ್ಡಮ್ಮ ಬಸ್ಸು ಹತ್ತಿದರು. ಯಾರದೋ ಮನೆಯ ಪೂಜೆ ಮುಗಿಸಿ, ಪ್ರಸಾದದ ಗಂಟು ಹಿಡಿದುಕೊಂಡು, ನನ್ನ ಪಕ್ಕದಲ್ಲೇ ಕೂತರು. ನಮ್ಮದು ಮಠದ ಬೀದಿಯ, ಮಡಿ-ಮೈಲಿಗೆಯ ಮನೆತನ, ನಿನಗೆ ಗೊತ್ತುಂಟು. "ಎಂತ ಅದು ಡಬ್ಬಿಯಲ್ಲಿ?" ಎಂದು ಕೇಳಿದರು. ಕೆಸರಿನ ಹುಳ ಎಂದು ಪ್ರಸಾದದ ಪಕ್ಕ ಕೂತು ಹೇಗೆ ಹೇಳುವುದು. "ಕಾಲೇಜಿನ ಸಾಮಾನು ದೊಡ್ಡಮ್ಮ" ಎಂದೆ. ಕಂಡಕ್ಟರು, "ಸಾಮಾನಾದ್ರೆ ಇತ್ಲಾಗೆ ಕೊಡಿ ಮಾರಾಯ್ರೆ, ಜನ ಕೂತ್ಕೊಳ್ಲಿ" ಎಂದು ಡಬ್ಬಿ ತೆಗೆದುಕೊಂಡು ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ ಇಟ್ಟ. ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಉಡುಪಿಯವರೆಗೂ ಅದು ಅಲ್ಲೇ ಇತ್ತು.

ಇಳಿಯುವಾಗ ಡಬ್ಬಿಯ ತಳ ಕೈ ಸುಟ್ಟಿತು. ಮುಚ್ಚಳ ತೆಗೆದು ನೋಡಿದರೆ ಮೂರು ಹುಳ ಸತ್ತಿದ್ದವು. ಅವನ್ನು ಚರಂಡಿಗೆ ಚೆಲ್ಲಿದೆ. ಕಾಲೇಜಿನ ನಲ್ಲಿಯಲ್ಲಿ ಬಟ್ಟೆ ಮತ್ತೆ ಒದ್ದೆ ಮಾಡಿ ಸುತ್ತಿದೆ. ಆಗ ನನಗೆ ಬೇರೆ ಯೋಚನೆ ಇರಲಿಲ್ಲ, ಬೈಗುಳ ತಪ್ಪಿದರೆ ಸಾಕಿತ್ತು. ಆದರೂ ಆ ಬಟ್ಟೆ ಸುತ್ತಿದ ಕೈ — ಆ ಕೈ ಆಗಲೇ ಸುಳ್ಳು ಹೇಳಿ ಆಗಿತ್ತು.

ನೀನು ಕಾಯುತ್ತಿದ್ದೆ. ಕೂಡಲೇ ಗ್ರಂಥಿ ತೆಗೆದೆ, ಬಣ್ಣ ಹಾಕಿದೆ, ಒತ್ತಿದೆ. ಸಂಜೆ ಐದಕ್ಕೆ "ಅಕ್ಕ, ಇಲ್ಲಿ ನೋಡಿ" ಎಂದೆ. ನಾನು ನೋಡಿದೆ. ತಂಪಿನ ಹುಳದಲ್ಲಿ ಇರಲೇಬಾರದ ಜಾಗದಲ್ಲಿ ದೊಡ್ಡ ಉಬ್ಬು. ಬಸ್ಸಿನ ಇಂಜಿನ್ನಿನ ಬಿಸಿ ಆ ಹುಳದ ಜೀನಿಗೆ ತಲುಪಿತ್ತು. ನನಗೆ ಅರ್ಥವಾಗಲು ಎರಡು ನಿಮಿಷ ಬೇಕಾಗಲಿಲ್ಲ. ಬಾಯಿ ಮಾತ್ರ ಬಿಡಲಿಲ್ಲ. ನೀನು ಮೈಕ್ರೋಸ್ಕೋಪಿಗೆ ಚಿತ್ರ ಇಳಿಸುವ ಕನ್ನಡಿ ಜೋಡಿಸಿ, ಕಾಣುವುದರ ಮೇಲೆಯೇ ಪೆನ್ಸಿಲ್ ಓಡಿಸಿ, ಇದ್ದದ್ದನ್ನು ಇದ್ದ ಹಾಗೆ ಬಿಡಿಸಿದೆ.

ಮರುದಿನ ಬೆಳಗ್ಗೆ ಸರ್ ಬಂದರು. ಅಷ್ಟರಲ್ಲಿ ನಿನ್ನ ಸ್ಲೈಡಿನ ಅಂಚಿನ ಮೇಣ ಬಿರಿದು ಸ್ಲೈಡ್ ಒಣಗಿತ್ತು. ಡಬ್ಬಿಯಲ್ಲಿ ಉಳಿದಿದ್ದ ಹುಳಗಳನ್ನು ಅವರೇ ಕುಯ್ದು ನೋಡಿದರು. ಉಬ್ಬು ಇಲ್ಲ. ಇರುವುದಾದರೂ ಹೇಗೆ, ತಂಪಿನಲ್ಲಿ ಅವು ಸುಧಾರಿಸಿಕೊಂಡಿದ್ದವು. ಸರ್ ನಿನ್ನ ಚಿತ್ರ ಎತ್ತಿ ಹಿಡಿದು, ಬಿಸಿ ಕೊಟ್ಟ ಹುಳದ ಹಳೇ ಚಿತ್ರವನ್ನು ನೋಡಿ ಇಳಿಸಿದ್ದೀಯಾ ಎಂದರು. ಮೀನಿನ ಬುಟ್ಟಿಯಲ್ಲಿ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಮಾಡಿದ ಹಾಗೆ ಇಲ್ಲಿ ಮಾಡಬೇಡ ಎಂದರು. ಅಟೆಂಡರ್ ನಕ್ಕ. ಉಬ್ಬನ್ನು ಅಳಿಸಿ ಸಹಿ ಹಾಕು, ವಿಷಯ ಮುಗಿಸುತ್ತೇನೆ ಎಂದರು.

"ಅಳಿಸುವುದಿಲ್ಲ ಸರ್. ಇತ್ತು, ಬಿಡಿಸಿದ್ದೇನೆ."

ಹೇಳಿ ನನ್ನ ಕಡೆ ತಿರುಗಿದೆ. ನೀನು ಜಾಣೆ, ಆ ಒಂದು ರಾತ್ರಿಯಲ್ಲಿ ಯೋಚಿಸಿ ಸರಿಯಾದ ಜಾಗಕ್ಕೇ ಬಂದಿದ್ದೆ. "ಅಕ್ಕ, ನಿನ್ನೆ ಡಬ್ಬಿ ಬಿಸಿ ಆಗಿತ್ತಾ?"

"ಇಲ್ಲ. ಮಡಿಲಲ್ಲೇ ಇಟ್ಟುಕೊಂಡು ಬಂದೆ" ಎಂದೆ.

ಹೌದು ಎಂದಿದ್ದರೆ ಏನಾಗುತ್ತಿತ್ತು? ಎರಡು ಬೈಗುಳ, ಮತ್ತೊಂದು ಸಲ ಕಾರ್ಕಳಕ್ಕೆ ಹೋಗಿ ಬರುವುದು. ಅಷ್ಟೇ. ಆದರೆ ಆ ಹುದ್ದೆಗೆ ನಾವಿಬ್ಬರೇ ಇದ್ದೆವು. ಅದು ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇತ್ತು, ಸ್ಪಷ್ಟವಾಗಿ ಇತ್ತು. ಹೆದರಿ ಬಾಯಿ ತಪ್ಪಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು.

ಒಂದು ವಾರ ಬಿಟ್ಟು ನಿನ್ನ ಅಮ್ಮ ಬಂದಿದ್ದರು, ನಿನಗೆ ಗೊತ್ತಿರಲಿಕ್ಕಿಲ್ಲ. ಕಾಪುವಿನ ಮಾರ್ಕೆಟಿನಿಂದ ನೇರ ಬಂದು, ಬುಟ್ಟಿಯನ್ನು ಗೇಟಿನ ಹೊರಗೇ ಇಟ್ಟು, ನನ್ನನ್ನು ಕರೆಸಿದರು. ಮಗಳು ನನ್ನ ವಿಷಯ ಮನೆಯಲ್ಲಿ ತುಂಬ ಒಳ್ಳೆಯದು ಹೇಳುತ್ತಾಳಂತೆ. ಅವಳು ಸುಳ್ಳು ಬರೆಯುವವಳಾ, ನೀವೇ ಹೇಳಿ ಎಂದು ತುಳುವಿನಲ್ಲಿ ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅವರು ಬುಟ್ಟಿ ಎತ್ತಿಕೊಂಡು ಹೋದರು. ಅವರು ತೀರಿಹೋದರು ಎಂದು ಕಳೆದ ವರ್ಷ ಕೇಳಿದೆ. ಆ ಉತ್ತರವನ್ನು ತಿದ್ದಲು ಇನ್ನು ಜಾಗವೇ ಇಲ್ಲ. ಅದು ನನ್ನ ಎದೆಯಲ್ಲಿ ಹಾಗೇ ಇರುತ್ತದೆ, ಇರಬೇಕು.

ನೀನು ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಮಲೇರಿಯಾದ ರಕ್ತದ ಸ್ಲೈಡ್ ನೋಡುತ್ತೀ ಎಂದು ಗೊತ್ತಾಯಿತು. ಆ ಕಣ್ಣು ಹಾಳಾಗಲಿಲ್ಲವಲ್ಲ ಎಂದು ಸಮಾಧಾನಪಟ್ಟೆ. ಎಂಥ ನಾಚಿಕೆಗೆಟ್ಟ ಸಮಾಧಾನ.

ಈ ವರ್ಷ ಸರ್ ನಿವೃತ್ತರಾದರು. ಬೀಳ್ಕೊಡುಗೆಯ ದಿನ ವೇದಿಕೆಯಲ್ಲಿ ತಮಾಷೆಗೆಂದು ನಿನ್ನ ಕಥೆ ಎತ್ತಿದರು — ಇಲ್ಲದ ಉಬ್ಬು ಬಿಡಿಸಿದ ಹುಡುಗಿಯೊಬ್ಬಳಿದ್ದಳು ಎಂದು. ಸಭೆ ನಕ್ಕಿತು. ನಾನೂ ನಕ್ಕೆ, ಗಿರಿಜಾ. ನನ್ನ ನಗು ನನ್ನ ಕಿವಿಗೇ ಕೇಳಿಸಿತು.

ಮುಂದಿನ ವಾರ ಕಾರ್ಕಳಕ್ಕೆ ಹೋದೆ. ಕೊನೆಯ ವರ್ಷದ ನಾಲ್ವರು ಹುಡುಗಿಯರನ್ನು ಸಾಕ್ಷಿಗೆ ಕರೆದುಕೊಂಡೆ. ಅದೇ ಹೊಂಡ, ಎರಡು ಡಬ್ಬಿ. ಒಂದನ್ನು ಒದ್ದೆ ಬಟ್ಟೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಇನ್ನೊಂದನ್ನು ನಾನೇ ಎದ್ದು ಹೋಗಿ ಬಾನೆಟ್ ಮೇಲೆ ಇಟ್ಟೆ. ಮಡಿಲಿನ ಹುಳದಲ್ಲಿ ಉಬ್ಬು ಇಲ್ಲ. ಬಾನೆಟ್ಟಿನ ಹುಳದಲ್ಲಿ ಉಂಟು, ನಿನ್ನ ಪೆನ್ಸಿಲ್ ಗುರುತು ಮಾಡಿದ ಅದೇ ಪಟ್ಟೆಯ ಮೇಲೆ. ಮರುದಿನ ಬೆಳಗ್ಗೆ ನೋಡಿದರೆ ಅದೂ ಇಳಿದಿತ್ತು. ನಿನ್ನ ಚಿತ್ರವನ್ನು ಹರಿದು ಹಾಕು ಎಂದು ಸರ್ ಅವತ್ತು ನನ್ನ ಕೈಗೇ ಕೊಟ್ಟಿದ್ದರು. ಹರಿದಿರಲಿಲ್ಲ. ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟಿದ್ದೆ. ಯಾಕೆ ಇಟ್ಟುಕೊಂಡೆ ಎಂದು ನನಗೂ ಗೊತ್ತಿಲ್ಲ —

ನಿನ್ನ ಆ ಚಿತ್ರ, ಈ ಸಲ ಬಾನೆಟ್ಟಿನ ಹುಳ ನೋಡಿ ನಾನು ಬಿಡಿಸಿದ ಚಿತ್ರ, ಎರಡನ್ನೂ ಹಿಡಿದುಕೊಂಡು ಸರ್ ಮನೆಗೆ ಹೋದೆ. "ಈಗ ಯಾಕೆ ಅದೆಲ್ಲ? ನಿನ್ನ ಹೆಸರೇ ಹಾಳಾಗ್ತದೆ" ಎಂದರು. ಹಾಳಾಗಲಿ ಸರ್ ಎಂದೆ. ನಿಮ್ಮದೂ ಸ್ವಲ್ಪ ಆಗಲಿ ಎಂದೂ ಅಂದೆ. ಅವರು ಒಳಗೆ ಎದ್ದು ಹೋದರು. ನಿನ್ನ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಲ್ಯಾಬಿನ ಗೋಡೆಗೆ ತೂಗುಹಾಕಿದೆ. ಕೆಳಗೆ ನಿನ್ನ ಪೂರ್ತಿ ಹೆಸರು ಬರೆದೆ. ಅದರ ಕೆಳಗೆ, ಈ ಚಿತ್ರ ಸರಿ, ಡಬ್ಬಿ ತಂದವಳು ಸುಳ್ಳು ಹೇಳಿದಳು ಎಂದು ಬರೆದು ನನ್ನ ಸಹಿ ಹಾಕಿದೆ. ಪ್ರಿನ್ಸಿಪಾಲರು ಬಂದು, ಇದೆಲ್ಲ ಈಗ ಯಾಕೆ ಮೇಡಂ, ಕಾಲೇಜಿನ ಮರ್ಯಾದೆ ನೋಡಿ ಎಂದರು. ತೆಗೆಯುವುದಿಲ್ಲ ಎಂದೆ. ತೆಗೆಸುವುದಾದರೆ ಕಾರಣ ಬರೆದು ಕೊಡಿ, ಆ ಕಾಗದವನ್ನೂ ಪಕ್ಕದಲ್ಲೇ ತೂಗುಹಾಕುತ್ತೇನೆ ಎಂದೆ. ಇವತ್ತಿನವರೆಗೆ ಯಾರೂ ಮುಟ್ಟಿಲ್ಲ.

ಕೆಲಸ ಬಿಡುತ್ತೇನೆ ಎಂದು ನಾಟಕ ಮಾಡುವುದಿಲ್ಲ. ಬಿಟ್ಟರೂ ಅದು ನಿನಗೆ ಸಿಗುವುದಿಲ್ಲ. ನಾನು ಇಲ್ಲೇ ಇರುತ್ತೇನೆ. ಪ್ರತಿ ವರ್ಷ ಹೊಸಬರಿಗೆ ಆ ಗೋಡೆಯ ಎದುರು ನಿಂತು, ಹೆಸರು ಹಿಡಿದು, ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಅವರು ನನ್ನನ್ನು ಹೇಗೆ ನೋಡುತ್ತಾರೋ ಹಾಗೆ ನೋಡಲಿ.

ನೀನು ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಹನ್ನೊಂದು ವರ್ಷ ತಡ.

ಆಗಿತ್ತು, ಗಿರಿಜಾ. ಡಬ್ಬಿ ಬಿಸಿ ಆಗಿತ್ತು. ನನ್ನ ಕೈ ಸುಟ್ಟಿತ್ತು.