ಕೇಳಿಸದೆ ಹೋದ ಪದ್ಯ

ಹೋದ ಶನಿವಾರ ಸುಲ್ತಾನ್ ಬತ್ತೇರಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಬೆನ್ನ ಹಿಂದಿನ ಮೊಬೈಲ್ ರಿಪೇರಿ ಅಂಗಡಿಯಿಂದ ಬೆಸುಗೆಯ ವಾಸನೆ ಬಂತು. ಸೀಸ ಕರಗುವಾಗ ಜೊತೆಗೆ ರಾಳವೂ ಸುಡುತ್ತದಲ್ಲ, ಆ ವಾಸನೆ. ನಿಮಗೆ ಅದು ಬರೀ ಕೆಟ್ಟ ಹೊಗೆ ಅನ್ನಿಸಬಹುದು. ನನಗೆ ಅದು ದೇವರ ಮನೆಯ ಊದುಬತ್ತಿಗಿಂತ ಹಳೆಯ ಪರಿಮಳ. ಮೂಗು ಅತ್ತ ಎಳೆಯಿತು, ಬಸ್ಸು ಇತ್ತ ಹೊರಟುಹೋಯಿತು. ಇನ್ನೊಂದು ಬರುತ್ತದೆ ಎಂದು ಸಮಾಧಾನ ಮಾಡಿಕೊಂಡು ಅಲ್ಲೇ ನಿಂತೆ.

ನಮ್ಮದು ಮೈಕ್ ಸೆಟ್ ಅಂಗಡಿ. ನಮ್ಮದಾಗಿತ್ತು ಎನ್ನಬೇಕು. ನಮ್ಮ ಹಿರಿಯರು ಗುಂಡ್ಲುಪೇಟೆ ಕಡೆಯಿಂದ ಬಂದು ಕಬಿನಿಯ ಈಚೆ, ಕೇರಳದ ಬದಿಯ ಕೊಳವಳ್ಳಿಯಲ್ಲಿ, ಭತ್ತ ಬೆಳೆದುಕೊಂಡು ಇದ್ದವರು. ಭತ್ತ ಬಿಟ್ಟು ಸದ್ದು ಬೆಳೆಯಲು ಹೊರಟವರು ನಮ್ಮಪ್ಪ. ಮೈಸೂರಿನಿಂದ ಒಂದು ಆಂಪ್ಲಿಫೈಯರ್, ಎರಡು ಹಾರ್ನ್ ತಂದು ರಸ್ತೆಬದಿಯಲ್ಲಿ ಬೋರ್ಡು ಹಾಕಿದರು. ಅರಳಿದ ಉಮ್ಮತ್ತಿ ಹೂವಿನಂಥ ಆ ಹಾರ್ನಿಗೆ ಇಲ್ಲಿಯವರು ಕೋಳಾಂಬಿ ಎನ್ನುತ್ತಾರೆ. ಮಲಯಾಳದಲ್ಲಿ ಹಾಗೆಂದರೆ ಪೀಕದಾನಿ. "ರಾಜಕೀಯ, ದೇವರ ನಾಮ, ಮದುವೆ ಹಾಡು, ಎಲ್ಲಾನೂ ಪೀಕದಾನಿ ಬಾಯಿಂದಲೇ ಊರಿಗೆ ಬೀಳಬೇಕು ನೋಡು," ಎಂದು ಅಪ್ಪ ನಗುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಆ ಕೋಳಾಂಬಿಗಳ ಕೆಳಗೇ ಆಡಿ, ಅಲ್ಲೇ ನಿದ್ದೆ ಮಾಡಿ ಬೆಳೆದೆ. ಎಂಥ ಗದ್ದಲದಲ್ಲೂ ಮಲಗುವ ಹುಡುಗ ಎಂದು ನೆಂಟರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಕಿವಿಯೂ ಖರ್ಚಾಗುವ ವಸ್ತು ಎಂದು ಆಗ ಯಾರಿಗೆ ಗೊತ್ತಿತ್ತು?

ನಾನು ಹೇಳಹೊರಟದ್ದು ಕೆಲವು ವರ್ಷಗಳ ಹಿಂದಿನ ಒಂದು ವೃಶ್ಚಿಕ ಮಾಸದ ಸಂಗತಿ. ವೃಶ್ಚಿಕ ಎಂದರೆ ನಮ್ಮ ಕಡೆ ಅಯ್ಯಪ್ಪನ ಭಜನೆಗಳ ಕಾಲ, ಬೆಳಿಗ್ಗೆ ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ, ಮೈಕಿನವನಿಗೆ ಕೂತು ಉಣ್ಣಲು ಪುರುಸೊತ್ತಿಲ್ಲದ ದಿನಗಳು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ನನ್ನದಾಗಿತ್ತು. ಜೊತೆಗೆ ಬಾಲನ್ ಇದ್ದ. ಅಪ್ಪನ ಕಾಲದಿಂದಲೂ ಜೀಪು ಓಡಿಸುತ್ತ, ಕಂಬ ಹತ್ತುತ್ತ, ನಮ್ಮ ಮನೆಯಲ್ಲೇ ಉಂಡು ಕನ್ನಡ ಕಲಿತ ಮಲಯಾಳಿ. ನನ್ನನ್ನು ಮಾತ್ರ ಚೇಟ್ಟಾ, ಅಂದರೆ ಅಣ್ಣ, ಎನ್ನುತ್ತಿದ್ದ.

ಆ ವರ್ಷ ನನ್ನ ಮಗಳು ಅಂಜು ಒಂಬತ್ತನೇ ಕ್ಲಾಸಿನಲ್ಲಿದ್ದಳು. ನಮ್ಮ ಕೇರಳದ ಶಾಲಾ ಕಲೋತ್ಸವಗಳಲ್ಲಿ ಕನ್ನಡ ಪದ್ಯ ಹೇಳುವ ಸ್ಪರ್ಧೆಯೂ ಇರುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಎಂದು ಟೀಚರ್ ಇವಳ ಹೆಸರು ಕೊಟ್ಟರು. ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಓದಿದ್ದೆಲ್ಲ ಮಲಯಾಳ. ನನ್ನ ಹೆಂಡತಿ ಲೀಲಾ ಹೊಳೆಯಾಚೆಯ ಬೈರಕುಪ್ಪೆಯವಳು, ಕನ್ನಡ ಶಾಲೆಯಲ್ಲಿ ಕಲಿತವಳು. ಅಡಿಗೆಮನೆಯಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಿದಳು. "ಮಲಯಾಳ ಬರೀ ಜಿಲೇಬಿ, ಕನ್ನಡ ತಲೆಕಟ್ಟು ಇರೋ ಜಿಲೇಬಿ" ಎಂದು ಅಂಜು ಹೇಳಿದಳಂತೆ. ಅಂತೆ ಯಾಕೆಂದರೆ ಅದನ್ನೂ ನಾನು ಆಮೇಲೆ ಲೀಲಾಳ ಬಾಯಿಂದಲೇ ತಿಳಿದದ್ದು. ಅದೇ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ತಾಯಿ ಮಗಳು ಯಾಕೋ ಈಚೆಗೆ ಪಿಸುಮಾತು ಜಾಸ್ತಿ ಎಂದುಕೊಂಡಿದ್ದೆ.

ಕಲೋತ್ಸವ ನಡೆದ ಶಾಲೆಗೆ ಮೈಕ್ ನಮ್ಮದೇ. ಅಪ್ಪನ ಮೈಕು, ಮಗಳ ಪದ್ಯ. ಅವತ್ತು ನನ್ನ ಹೆಮ್ಮೆ ಹೇಗಿತ್ತೆಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ವಯರು ಎಳೆಯುವವನು ಬಿಳಿ ಅಂಗಿ ಹಾಕಬಾರದು ಎಂದು ಬಾಲನ್ ಕಣ್ಣಲ್ಲೇ ನಕ್ಕ. ಅಂಜು ವೇದಿಕೆಗೆ ಬಂದಳು. ಕೈ ಮುಗಿದಳು. ಬಾಯಿ ತೆರೆದಳು. ನನ್ನ ಕಿವಿಗೆ ಧ್ವನಿ ಬರಲಿಲ್ಲ.

ಮಗು ಹೆದರಿಕೊಂಡು ಮೆತ್ತಗೆ ಹೇಳುತ್ತಿದೆ ಎಂದುಕೊಂಡೆ. ಗುಂಡಿ ಸ್ವಲ್ಪ ತಿರುಗಿಸಿದೆ. ತುಟಿ ಆಡುತ್ತಿದೆ, ಮಾತಿಲ್ಲ. ಇನ್ನೂ ತಿರುಗಿಸಿದೆ. ಹಿಂದಿನ ಸಾಲಿನವರಿಗೂ ಕೇಳಲಿ, ಹೊರಗೆ ಐಸ್‌ಕ್ರೀಮ್ ಮಾರುವವನಿಗೂ ಕೇಳಲಿ ಎಂಬ ಆಸೆ. ಅಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ಒಬ್ಬೊಬ್ಬರಾಗಿ ಎರಡೂ ಕೈ ಕಿವಿಗೆ ಇಟ್ಟುಕೊಂಡರು. ಏನೋ ಆಟ ಆಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಟೀಚರುಗಳೂ ಇಟ್ಟುಕೊಂಡರು. ಬಾಲನ್ ಬೆಂಚು ಹಾರಿ ಬಂದು ನನ್ನ ಕೈ ಪಕ್ಕಕ್ಕೆ ತಳ್ಳಿ ಗುಂಡಿ ಇಳಿಸಿದ. "ಚೇಟ್ಟಾ, ಕೂಗ್ತಾ ಇದೆ! ಮೈಕ್ ಕೂಗ್ತಾ ಇದೆ!" ಎಂದ. ವಾಲ್ಯೂಮ್ ಹೆಚ್ಚಾದಾಗ ಮೈಕಿನಿಂದ ಕುಂಯ್ ಎಂದು ಸೀಟಿ ಏಳುತ್ತದಲ್ಲ, ಅದು ಸಭಾಂಗಣವನ್ನೇ ಸೀಳುತ್ತಿತ್ತಂತೆ. ಜೀವಮಾನವೆಲ್ಲ ಆ ಸೀಟಿಯನ್ನು ಏಳುವ ಮೊದಲೇ ಅದುಮಿ ಅನ್ನ ತಿಂದವನು ನಾನು. ಅವತ್ತು ನನ್ನ ಪಾಲಿಗೆ ಸಭಾಂಗಣ ನಿಶ್ಶಬ್ದವಾಗಿತ್ತು.

ಅಂಜು ನಿಲ್ಲಿಸಿಬಿಟ್ಟಳು. ತೀರ್ಪುಗಾರರು ಒಳ್ಳೆಯವರು, ಮೊದಲಿಂದ ಹೇಳಲು ಕೈಸನ್ನೆ ಮಾಡಿದರು. ಅವಳು ನಿಂತೇ ಇದ್ದಳು. ಬಾಯಿ ತೆರೆಯಲಿಲ್ಲ. ಮತ್ತೆ ಕೈ ಮುಗಿದು ಇಳಿದು ಹೋದಳು.

ಮನೆಗೆ ಬಂದು ಲೀಲಾಳ ಮುಂದೆ ನಾನು ಬಾಲನ್‌ನನ್ನು ಬೈದೆ, ವಯರನ್ನು ಬೈದೆ, ಶಾಲೆಯ ತಗಡಿನ ಮಾಡನ್ನೂ ಬೈದೆ. ಅವಳು ಎಲ್ಲ ಮುಗಿಯುವ ತನಕ ಕಾದು, ಎದುರಿಗೆ ಬಂದು ನಿಂತು, ಗಟ್ಟಿಯಾಗಿ ಬಿಡಿಸಿ ಬಿಡಿಸಿ ಹೇಳಿದಳು. "ನಿಮ್ಗೆ ಕಿವಿ ಕೇಳಾಕಿಲ್ಲ ಅನ್ನದು ನಮ್ಗೆ ಗೊತ್ತಿತ್ತು ಕಣ್ರೀ. ನಿಮ್ಗೇ ಗೊತ್ತಿಲ್ಲ ಅನ್ನದು ಗೊತ್ತಿರ್ನಿಲ್ಲ."

ಒಂದು ವರ್ಷಕ್ಕೂ ಮೇಲಾಗಿತ್ತಂತೆ. ಮೊದಮೊದಲು ಎರಡೆರಡು ಸಲ ಹೇಳುತ್ತಿದ್ದರಂತೆ. ಆಮೇಲೆ ಬೇಕಾದ್ದನ್ನು ಮಾತ್ರ ಹೇಳತೊಡಗಿದರು. ಆಮೇಲೆ ಅದನ್ನೂ ಕೈಯಲ್ಲೇ ತೋರಿಸಿದರು. ಮನೆ ಶಾಂತವಾಗಿದೆ, ಹೆಂಡತಿ ತಾಳ್ಮೆಯವಳಾಗಿದ್ದಾಳೆ, ಮಗಳು ಗಂಭೀರವಾಗಿದ್ದಾಳೆ ಎಂದು ನಾನು ಸಂತೋಷಪಡುತ್ತಿದ್ದೆ.

ಕೋಝಿಕ್ಕೋಡಿನ ಆಸ್ಪತ್ರೆಗೆ ಹೋದೆವು. ಗೋಡೆಗೆಲ್ಲ ಸ್ಪಂಜು ಹೊದಿಸಿದ ಪುಟ್ಟ ಕೋಣೆಯೊಳಗೆ ನನ್ನನ್ನು ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಎಂಥ ಒಳ್ಳೆಯ ಕೋಣೆ, ಇಲ್ಲಿ ರೆಕಾರ್ಡಿಂಗ್ ಮಾಡಬಹುದಲ್ಲ ಎಂದು ನನ್ನ ಯೋಚನೆ. ಡೋಲಿನಂಥ ದಪ್ಪ ಸದ್ದುಗಳಿಗೆ ಪಟಪಟ ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಕಾದೆ, ಕಾದೆ. ಕೊನೆಗೆ ನಾನೇ ಬಾಗಿಲು ತೆರೆದು ಪರೀಕ್ಷೆ ಮಾಡುತ್ತಿದ್ದ ಹುಡುಗಿಗೆ ಹೇಳಿದೆ: "ನಿಮ್ಮ ಮೆಷಿನ್ ಕೆಟ್ಟಿದೆಯಮ್ಮ. ವಯರು ಎಲ್ಲೋ ಬಿಟ್ಟಿರಬೇಕು, ಬೇಕಾದರೆ ನಾನು ನೋಡುತ್ತೇನೆ." ಅವಳು ನನ್ನನ್ನು ನೋಡಲಿಲ್ಲ, ಲೀಲಾಳನ್ನು ನೋಡಿದಳು.

ಡಾಕ್ಟರು ಹೇಳಿದ್ದು ಇಷ್ಟು. ಸದ್ದಿನ ಹೊಡೆತಕ್ಕೆ ನರ ಸತ್ತಿದೆ, ಅದು ತಿರುಗಿ ಬರುವಂಥದ್ದಲ್ಲ. ಮೊದಲು ಹೋಗುವುದು ಸಣ್ಣ ಏರುದನಿಗಳು. ಲಾರಿ ಕೇಳುತ್ತದೆ, ಚೆಂಡೆ ಕೇಳುತ್ತದೆ, ಗಂಡಸರ ದಪ್ಪ ದನಿಯೂ ಅಷ್ಟಿಷ್ಟು ಕೇಳುತ್ತದೆ. ಹಕ್ಕಿ, ಹೆಂಗಸರು, ಮಕ್ಕಳು ಹೋಗುತ್ತಾರೆ. "ಈ ಕೆಲಸ ಬಿಡಿ, ಇಲ್ಲದಿದ್ದರೆ ಉಳಿದದ್ದೂ ಹೋಗುತ್ತದೆ," ಎಂದರು. ಘಾಟಿ ಹತ್ತಿ ಬರುವಾಗ ಬಸ್ಸಿನ ಎಂಜಿನ್ ಸದ್ದು ನನಗೆ ಚೆನ್ನಾಗಿ ಕೇಳುತ್ತಿತ್ತು. ಪಕ್ಕದಲ್ಲಿ ಲೀಲಾ ಅಳುತ್ತಿದ್ದದ್ದು ಕೇಳುತ್ತಿರಲಿಲ್ಲ. ಕಿಟಕಿಯ ಕಡೆ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ. ಇಳಿಯುವಾಗ ಅವಳ ಸೆರಗು ಒದ್ದೆಯಾಗಿತ್ತು.

ಅಷ್ಟರಲ್ಲಿ ಕಲೋತ್ಸವದ ಕಥೆ ಊರೆಲ್ಲ ಹಬ್ಬಿತ್ತು. ಮೈಕಿನವನ ಸುದ್ದಿಗೆ ಮೈಕು ಬೇಕೆ? ವೆಳ್ಳಮುಂಡದ ಒಂದು ಮದುವೆಮನೆಯ ಹಿರಿಯರು ಅಂಗಡಿಗೇ ಬಂದರು. ಚಹಾ ಕುಡಿದರು, ಚಳಿಯ ಮಾತಾಡಿದರು, ಏಳುವಾಗ ನನ್ನ ಭುಜದ ಮೇಲೆ ಕೈಯಿಟ್ಟು, "ಈ ಸಲ ಬಾಲನ್ ಒಬ್ಬ ಬಂದರೆ ಸಾಕು, ನೀವು ಊಟಕ್ಕೆ ಬನ್ನಿ," ಎಂದರು. ಅವರದು ದಪ್ಪ ದನಿ. ಪೂರ್ತಿ ಕೇಳಿಸಿತು.

ಕಿವಿಗೆ ಮೆಷಿನ್ ಬಂತು. ಅದನ್ನು ಹಾಕಿಕೊಂಡರೆ ಎಲ್ಲ ಮೊದಲಿನಂತಾಗುತ್ತದೆ ಎಂದು ನಾನು ನಂಬಿದ್ದೆ. ಆದರೆ ಅದಕ್ಕೆ ಮಾತು ಯಾವುದು, ಪಾತ್ರೆ ಯಾವುದು ಎಂಬ ಭೇದವಿಲ್ಲ. ಕಾಗೆ, ತಟ್ಟೆ, ನನ್ನದೇ ಎಂಜಲು ನುಂಗುವ ಸದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಅವುಗಳ ನಡುವೆ ಮಾತು ನೀರಿನಲ್ಲಿ ನೆನೆದ ಕಾಗದದಂತೆ ಬರುತ್ತಿತ್ತು.

ಒಂದು ಮಧ್ಯಾಹ್ನ ಕಾಫಿ ಒಣಗಿಸುವ ಅಂಗಳದಲ್ಲಿ ಅಂಜು ಒಬ್ಬಳೇ ಕೂತಿದ್ದಳು. ಹತ್ತಿರ ಹೋಗಿ, "ಆ ಪದ್ಯ ನನಗೆ ಒಂದು ಸಲ ಹೇಳು ಮಗಳೇ, ಈಗ ಮೆಷಿನ್ ಇದೆ," ಎಂದೆ. ಅವಳು ಎದ್ದು ನಿಂತು, ಹೊಳೆಯ ಕಡೆ ಮುಖಮಾಡಿ ಶುರುಮಾಡಿದಳು. ಏರಿಳಿತ ಮಾತ್ರ ನನಗೆ ಸಿಕ್ಕಿತು. ಅದೇ ಸಾಕೆನ್ನಿಸಿತು. ತೊಡೆಯ ಮೇಲೆ ತಾಳ ಹಾಕಿದೆ. ನಡುವೆ ಒಂದು ಕಡೆ ಅವಳ ದನಿ ತಡೆಯಿತು, ಪದ್ಯದ ಭಾವ ಇರಬೇಕು ಎಂದು ತಲೆದೂಗಿದೆ. ಅವಳು ನಿಲ್ಲಿಸಿದ ಮೇಲೆ, "ಬಹಳ ಚೆಂದ ಹೇಳಿದೆ. ಆ ಕೊನೆಯ ಸಾಲಂತೂ ಇನ್ನೂ ಚೆಂದ," ಎಂದೆ.

ಅಂಜು ನನ್ನ ಮುಖ ನೋಡಿದಳು. ಒಳಗೆ ಹೋದಳು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಲೀಲಾ ಒದ್ದೆ ಕೈಯಲ್ಲೇ ಬಂದು ನನ್ನೆದುರು ಕುಕ್ಕುರುಗಾಲಲ್ಲಿ ಕೂತಳು. "ಅವ್ಳು ಪದ್ಯ ಹೇಳ್ನಿಲ್ಲ."

"ಮತ್ತೆ?"

"ಪದ್ಯ ಮರ್ತೇ ಹೋಗ್ಯದೆ ಅಪ್ಪಾ, ಬಾಯಿಗೇ ಬರಾಕಿಲ್ಲ ಅಂದ್ಳು. ಸ್ಕೂಲಲ್ಲಿ ಹುಡುಗ್ರು ನನ್ನ ಕಂಡ್ರೆ ಕಿವಿ ಮುಚ್ಕೊಂಡು ನಗ್ತಾರೆ ಅಂದ್ಳು." ಲೀಲಾ ಸೆರಗಿಗೆ ಕೈ ಒರೆಸಿಕೊಂಡಳು. "ಕೊನೇಲಿ, ನಿನ್ ಮೇಲೆ ನಂಗೆ ಸಿಟ್ಟಿಲ್ಲ ಅಂದ್ಳು."

ಒಣಗಲು ಹಾಕಿದ ಕಾಫಿಯನ್ನು ಸಂಜೆಯ ತನಕ ಕಾಲಲ್ಲಿ ತಿರುವುತ್ತ ಅಲ್ಲೇ ಇದ್ದೆ. ಅವಳನ್ನು ಕರೆದು ಏನು ಹೇಳುವುದು? ಅವಳು ಇನ್ನೊಮ್ಮೆ ಏನಾದರೂ ಹೇಳಿದರೆ ಅದೂ ಕೇಳುವುದಿಲ್ಲವಲ್ಲ.

ಆ ತಿಂಗಳು ಮುಗಿಯುವುದರೊಳಗೆ ಸೆಟ್ಟನ್ನು ಬಾಲನ್‌ಗೆ ಕೊಟ್ಟೆ. ಅವನು ಬೇಡವೆಂದ, ಸಿಟ್ಟು ಮಾಡಿಕೊಂಡ, ಕೊನೆಗೆ ಬಾಕ್ಸುಗಳನ್ನು ಜೀಪಿಗೆ ಏರಿಸುವಾಗ ನನ್ನ ಕಡೆ ತಿರುಗಲೇ ಇಲ್ಲ. ಏನೋ ಹೇಳುತ್ತಿದ್ದ, ಬೆನ್ನು ಅಲುಗುತ್ತಿತ್ತು. "ಬಾಲಾ, ನನಗೆ ಕೇಳಿಸಲಿಲ್ಲ," ಎಂದೆ. ಇಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳುವಾಗ ಬೀದಿಯಲ್ಲಿ ಬಟ್ಟೆ ಬಿಚ್ಚಿದಂತಾಯಿತು. ಅವನು ತಿರುಗಿ, "ಏನಿಲ್ಲ ಚೇಟ್ಟಾ, ಹಗ್ಗ ಬಿಗಿ ಮಾಡಬೇಕು ಅಂದೆ," ಎಂದ. ಕಣ್ಣು ಕೆಂಪಾಗಿತ್ತು. ಹಗ್ಗ ಬಿಗಿಯಾಗಿಯೇ ಇತ್ತು.

ಈಗ ನಾನು ಮದುವೆ, ಸಾವುಗಳಿಗೆ ಕುರ್ಚಿ ಮತ್ತು ಪಾತ್ರೆ ಬಾಡಿಗೆಗೆ ಕೊಡುತ್ತೇನೆ. ಕುರ್ಚಿಗೆ ಕಿವಿಯ ಅಗತ್ಯವಿಲ್ಲ. ವ್ಯಾಪಾರ ನಡೆಯುತ್ತದೆ. ಅಂಜು ಪ್ಲಸ್ ಟೂ ಓದುತ್ತಿದ್ದಾಳೆ. ಮತ್ತೆ ಅವಳು ಯಾವ ವೇದಿಕೆಯನ್ನೂ ಹತ್ತಲಿಲ್ಲ, ನಾನೂ ಹತ್ತು ಎನ್ನಲಿಲ್ಲ. ಕಾಲ ಎಲ್ಲವನ್ನೂ ಮಾಯಿಸುತ್ತದೆ ಎಂದು ನಿಮಗೆ ಹೇಳಬೇಕೆಂದು ಆಸೆಯಿದೆ. ನನಗೆ ಹಾಗೆ ಕಂಡಿಲ್ಲ.

ಬತ್ತೇರಿಯಿಂದ ಬಂದ ಮರುದಿನ ಭಾನುವಾರ. ಲೀಲಾಳ ತವರಿಗೆಂದು ಮೂವರೂ ದೋಣಿಯಲ್ಲಿ ಹೊಳೆ ದಾಟುತ್ತಿದ್ದೆವು. ಅಂಜು ಮುಂತುದಿಯಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದಳು. ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಜಡೆ ಅಲುಗುವುದು ನನಗೆ ಕಾಣುತ್ತಿತ್ತು. ದೋಣಿಯವನು ನಕ್ಕ, ಲೀಲಾ ನಕ್ಕಳು. ದಡದಲ್ಲಿ ಇಳಿದ ಮೇಲೆ ಕೇಳಿದೆ: "ಏನದು, ಅಷ್ಟೊಂದು ಹೇಳ್ತಿದ್ದೆ?"

"ಒನ್ನೂ ಇಲ್ಲಪ್ಪ."

ಏನೂ ಇಲ್ಲ: ಇದು ಕಿವುಡನ ಜೀವನದಲ್ಲಿ ಎಲ್ಲರೂ ಹೇಳುವ ಮಾತು. ಎಷ್ಟು ದೂರದಿಂದಲೂ ತುಟಿ ನೋಡಿಯೇ ಇದನ್ನು ಗುರುತಿಸಬಲ್ಲೆ. ಅದರಲ್ಲಿ ನಿಷ್ಠುರವಿಲ್ಲ, ಆಯಾಸವಿದೆ. ಸಾಮಾನ್ಯವಾಗಿ ನಾನು ಸುಮ್ಮನೆ ಮುಂದೆ ನಡೆದುಬಿಡುತ್ತೇನೆ. ಅವತ್ತು ಮರಳಿನಲ್ಲಿ ನಿಂತುಕೊಂಡೆ.

"ಆ ಒನ್ನೂ ಇಲ್ಲದ್ದನ್ನೇ ಹೇಳು. ನನಗೆ ಕೇಳಿಸಲಿಲ್ಲ."

ಅವಳು ಚೀಲ ಕೆಳಗಿಟ್ಟಳು. ನನ್ನೆದುರಿಗೆ ಬಂದು ನಿಂತು ಹೇಳಿದಳು. ಟೀಚರ್, ಕೊಡೆ, ಬಸ್ಸು, ಇಷ್ಟು ಸಿಕ್ಕಿತು. ಇಲ್ಲ ಎಂದು ತಲೆಯಾಡಿಸಿದೆ. ಇನ್ನೊಮ್ಮೆ ಹೇಳಿದಳು. ಮೂರನೆಯ ಸಲ ಹೇಳುವಷ್ಟರಲ್ಲಿ ಆ ಕಥೆಯಲ್ಲಿ ನಗು ಏನೂ ಉಳಿದಿರಲಿಲ್ಲ. ಟೀಚರೊಬ್ಬರು ಬಸ್ಸಿನೊಳಗೆ ಕೊಡೆ ಬಿಡಿಸಿದರಂತೆ, ಮುಚ್ಚಲು ಬರಲಿಲ್ಲವಂತೆ, ಅಷ್ಟೇ. ಆದರೂ ಅವಳು ಮುಖ ಅತ್ತಿತ್ತ ತಿರುಗಿಸದೆ, ಒಂದೊಂದೇ ಮಾತನ್ನು ನನ್ನ ಕಣ್ಣಿಗೆ ಕಾಣುವ ಹಾಗೆ, ಕೊನೆಯವರೆಗೂ ಹೇಳಿದಳು. ಇಬ್ಬರಿಗೂ ನಗು ಬರಲಿಲ್ಲ. ಲೀಲಾ ದಿಬ್ಬದ ಮೇಲೆ ನಿಂತು ನಮಗಾಗಿ ಕಾಯುತ್ತಿದ್ದಳು.