ಡ್ರೋನ್ ಬಿಟ್ಟವನು ನಾನು

"ಕಾಕಾ, ಖರೇ ಹೇಳ್ರಿ. ಆವತ್ತ ನನ್ನ ಮೊಬೈಲ್ ನಿಮ್ಮ ಬುಟ್ಟ್ಯಾಗ ಇತ್ತಲ್ರಿ?"

ನೇಸರಗಿ ಸಂತೆಯಲ್ಲಿ ಎದುರಾದ ರಾಜೇಸಾಬ ಹೀಗೆ ಕೇಳಿದ. ಅವನ ಬಲಗೈಯಲ್ಲಿ ಬೆರಳುಗಳಿಲ್ಲ.

ಕಲ್ಲಿನ ಕ್ವಾರಿಯಲ್ಲಿ ಅವನು ಸಿಡಿಮದ್ದಿಗೆ ತಂತಿ ಜೋಡಿಸುವಾಗ ಸಿಗ್ನಲ್ ತಾಗಿ ಮದ್ದು ಸಿಡಿಯಬಾರದೆಂದು ಎಲ್ಲರ ಮೊಬೈಲ್ ಬುಟ್ಟಿಗೆ ಹಾಕಿಸಿಕೊಂಡು ದೂರ ಕೂರುವುದು ನನ್ನ ಕೆಲಸವಾಗಿತ್ತು. ಆ ದಿನ ಗುಡ್ಡ ಅಳೆಯಲು ಬಂದವರ ಮೊಬೈಲನ್ನೂ ಇಸಿದುಕೊಂಡೆ, ಆದರೆ ಡ್ರೋನ್ ಹಾರಿಸಲು ಬಿಟ್ಟೆ. ಅದು ಬರೀ ಕ್ಯಾಮೆರಾ ಅಂದುಕೊಂಡಿದ್ದೆ. ಅದಕ್ಕೂ ರೇಡಿಯೊ ಸಿಗ್ನಲ್ ಇರುತ್ತದೆಂದು ಹೊಳೆಯಲಿಲ್ಲ. ಡ್ರೋನ್ ತಂತಿಯ ಹತ್ತಿರ ಇಳಿದಾಗ, ಮದ್ದು ಹೊತ್ತಿಸುವ ಕೇಪು ಅವನ ಕೈಯಲ್ಲೇ ಸಿಡಿಯಿತು.

ನೌಕರಿ ಹೋದೀತೆಂದು ಹೆದರಿ, ಅವನ ಕಿಸೆಯಲ್ಲಿ ಮೊಬೈಲ್ ಇತ್ತೆಂದು ವಿಚಾರಣೆಯಲ್ಲಿ ಹೇಳಿಬಿಟ್ಟೆ. ತಪ್ಪು ಅವನದೇ ಎಂದು ಬರೆದುಕೊಂಡರು.

"ಬುಟ್ಟ್ಯಾಗs ಇತ್ತಪಾ," ಎಂದೆ.

ಅವನು ಎಡಗೈಯಲ್ಲಿದ್ದ ಚೀಲ ಕೆಳಗಿಟ್ಟ. "ಮನ್ಯಾಗ ಹೇಣ್ತಿ ಕಡೆ ದಿನಾ ಬೈಸ್ಕೊಂಡು ಬೈಸ್ಕೊಂಡು, ಕಿಸೇದಾಗ ನಾನs ಇಟ್ಕೊಂಡಿದ್ದೆ ಅಂತ ನಂಬಿಬಿಟ್ಟಿದ್ದೆ ನೋಡ್ರಿ."

ಬೆರಳು ಹೋದದ್ದು ನನ್ನ ತಿಳಿಗೇಡಿತನದಿಂದ. ಆದರೆ ತನ್ನನ್ನೇ ತಾನು ನಂಬದಂತೆ ಅವನನ್ನು ಮಾಡಿದ್ದು, ನಾನು ತಿಳಿದೂ ತಿಳಿದೂ ಹೇಳಿದ ಸುಳ್ಳು. ಅಧಿಕಾರಿಗಳ ಮುಂದೆ ಹೇಳಿಕೆ ಬದಲಿಸಿ ಬಂದಿದ್ದೇನೆ. ಅವನ ಹೆಂಡತಿಯ ಎದುರು ನಿಂತು ಹೇಳುವ ಧೈರ್ಯ ಇನ್ನೂ ಬಂದಿಲ್ಲ.